ಎಡಗಡೆಯ ಕೆಳಮೂಲೆ

ನನ್ನ ಬಲಗಣ್ಣಿನ ಒಂದು ಮೂಲೆ ಆರಿಹೋಗಿದೆ ಎಂದು ನನ್ನನ್ನು ಬಿಟ್ಟರೆ ಮೊದಲು ಪತ್ತೆ ಮಾಡಿದವರು ಡಾಕ್ಟರಲ್ಲ, ಫೋಟೋ ತೆಗೆಯುವುದನ್ನು ಕಲಿಸುವ ನಮ್ಮ ಸರ್. ಅವರಾದರೂ ಎರಡು ತಿಂಗಳು ಅದನ್ನು ನನ್ನ ಅಡ್ಡಾದಿಡ್ಡಿತನವೆಂದೇ ತಿಳಿದು ಬೈದರು. ಬೈಸಿಕೊಂಡು ಸುಮ್ಮನಿರುವ ಪೈಕಿ ನಾನಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹೀಗಾಗಿ ಕೋಥರೂಡದ ಆ ಕ್ಲಾಸಿನಲ್ಲಿ ಪ್ರತಿ ರವಿವಾರ ಜಗಳ.

ಐವತ್ತೈದು ದಾಟಿದ ಮೇಲೆ ನನಗೆ ಈ ಹುಚ್ಚು ಹತ್ತಿತು. ದೀಪಾವಳಿಯ ಬೋನಸ್ಸಿನಲ್ಲಿ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಒಂದನ್ನು ಕೊಂಡೆ, ಮನೆಯ ಹತ್ತಿರದ ಕ್ಲಾಸಿಗೆ ಹೆಸರು ಹಚ್ಚಿದೆ. ಸರ್ ಸೊಲ್ಲಾಪುರದವರು. ನಾನು ಗದಗಿನವಳೆಂದು ಗೊತ್ತಾದ ದಿನದಿಂದ ಉಳಿದ ಎಂಟು ಮಂದಿಗೆ ಮರಾಠಿಯಲ್ಲಿ ಪಾಠ, ನನಗೆ ಮಾತ್ರ ಕನ್ನಡದಲ್ಲಿ ಬೈಗುಳ. ಅವರದೊಂದು ಪದ್ಧತಿ ಇತ್ತು. ಮೊದಲ ದಿನವೇ ಪ್ರತಿಯೊಬ್ಬರ ಕ್ಯಾಮೆರಾದ ಹಿಂದಿನ ಪರದೆಗೆ ತಮ್ಮ ಕೈಯಾರೆ ಕರಿ ಟೇಪು ಅಂಟಿಸುವರು. ಮೂರು ತಿಂಗಳು ಅದನ್ನು ಕೀಳುವಂತಿಲ್ಲ. ತೆಗೆದದ್ದನ್ನು ಆಗಿಂದಾಗಲೇ ನೋಡುವಂತಿಲ್ಲ, ಆಮೇಲೆ ಅಂಚು ಕತ್ತರಿಸುವಂತೆಯೂ ಇಲ್ಲ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು, ನಾಲ್ಕೂ ಮೂಲೆ ನೋಡಿ, ಒಂದೇ ಸಲ ಒತ್ತಬೇಕು. ದಿನಕ್ಕೊಂದು ಫೋಟೋ, ಅದೂ ಒಂದೇ ಜಾಗದಲ್ಲಿ. ರವಿವಾರ ಅವನ್ನು ಗೋಡೆಯ ಮೇಲೆ ದೊಡ್ಡದಾಗಿ ಎಲ್ಲರೆದುರು ತೋರಿಸುವರು.

ನಾನು ಆರಿಸಿಕೊಂಡದ್ದು ನಮ್ಮ ಸೊಸೈಟಿಯ ಎದುರಿನ ಬಸ್ ಸ್ಟಾಪು. ಆಫೀಸಿಗೆ ಹೊರಡುವ ಮೊದಲು ಹತ್ತು ನಿಮಿಷ ಅಲ್ಲಿ ನಿಲ್ಲುತ್ತಿದ್ದೆ. ಒಬ್ಬಳು ಅಜ್ಜಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದಳು, ಅವಳ ಕೈ ಮೇಲೆ ಬಿಸಿಲು ಬೀಳುವವರೆಗೆ ಕಾದು ಒತ್ತುತ್ತಿದ್ದೆ. ಕಿಂಡಿಯಲ್ಲಿ ಎಲ್ಲ ಸ್ವಚ್ಛ. ರವಿವಾರ ಗೋಡೆಯ ಮೇಲೆ ನೋಡಿದರೆ ಎಡಗಡೆಯ ಕೆಳಮೂಲೆಯಲ್ಲಿ ಯಾರದೋ ಚಪ್ಪಲಿ ಕಾಲು. ಮುಂದಿನ ವಾರ ಹಾಲಿನ ಕ್ರೇಟು. ಅದರ ಮುಂದಿನ ವಾರ ನಾಯಿಯ ಬಾಲ, ನಾಯಿ ಇಲ್ಲ.

“ಏನ್ರಿ ಅಕ್ಕಾರ, ಬಾಲಾ ಯಾರದು?” ಸರ್ ಕೇಳಿದರು.

“ನಾ ತಗೀಬೇಕಾದ್ರ ಇರ್ಲಿಲ್ರಿ.”

“ಇರ್ಲಿಲ್ಲಂದ್ರ ಕ್ಯಾಮೆರಾ ತಾನ ಹಚ್ಚಿತೇನು? ಮೂಲಿ ನೋಡಿ ಒತ್ರಿ ಅಂತ ಎಷ್ಟ್ ಸಲ ಹೇಳ್ಬೇಕು?”

“ನೋಡೇ ಒತ್ತೀನ್ರಿ. ಈ ಕ್ಯಾಮೆರಾನ ಸುಮಾರ ಅದ.”

“ಕುಣೀಲಿಕ್ಕೆ ಬರದಾಕಿ ನೆಲಾ ಡೊಂಕು ಅಂದ್ಲಂತ,” ಎಂದು ಅವರು ಅದನ್ನು ಉಳಿದವರಿಗೂ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಎಲ್ಲರೂ ನಕ್ಕರು. ಆಮೇಲೆ ಯಾರ ಫೋಟೋದಲ್ಲಿ ಆ ಜಾಗದಲ್ಲಿ ಏನು ಇಣುಕಿದರೂ ‘ಅಕ್ಕನ ಮೂಲೆ’ ಎಂದು ಹೇಳುವುದು ರೂಢಿಯಾಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸುತ್ತಿದ್ದೆ.

ಆರನೆಯ ವಾರ ಸಿಟ್ಟು ಹೋಗಿ ಅದರ ಜಾಗಕ್ಕೆ ಭಯ ಬಂತು. ಆ ವಾರ ಹಟಕ್ಕೆ ಬಿದ್ದು ಪ್ರತಿ ದಿನ ಮೂಲೆ ಮೂಲೆ ಎಂದು ಬಾಯಲ್ಲಿ ಹೇಳಿಕೊಂಡೇ ಒತ್ತಿದ್ದೆ. ಆದರೂ ಏಳರಲ್ಲಿ ಐದು ಕೆಟ್ಟಿದ್ದವು. ಅದೇ ವಾರ ಮೊಬೈಲಿನಲ್ಲಿ ತೆಗೆದ ಒಂದೂ ಕೆಟ್ಟಿರಲಿಲ್ಲ. ಮೊಬೈಲನ್ನು ಎರಡೂ ಕಣ್ಣಿಂದ ನೋಡುತ್ತೇವೆ, ಕಿಂಡಿಯನ್ನು ಒಂದೇ ಕಣ್ಣಿಂದ. ಅದು ಹೊಳೆದಾಗ ನಾನು ಅಡುಗೆಮನೆಯಲ್ಲಿದ್ದೆ. ಒಲೆ ಆರಿಸಿ ಕ್ಯಾಲೆಂಡರಿನ ಎದುರು ನಿಂತು, ಎಡಗಣ್ಣು ಮುಚ್ಚಿ, ನಡುವಿನ ತಾರೀಖನ್ನು ನೋಡಿದೆ. ಎಡಗಡೆಯ ಕೆಳಗಿನ ತಾರೀಖುಗಳು ಅಲ್ಲಿರಲಿಲ್ಲ. ಕಪ್ಪಾಗಿ ಕಂಡಿದ್ದರೆ ತಿಳಿಯುತ್ತಿತ್ತು. ಕಪ್ಪೂ ಇಲ್ಲ, ಬೆಳಕೂ ಇಲ್ಲ, ಗೋಡೆಯ ಬಣ್ಣವೇ ಅಲ್ಲಿಯವರೆಗೂ ಹರಿದ ಹಾಗಿತ್ತು.

ನನ್ನ ಅವ್ವ ಕುರುಡಿಯಾಗಿ ಸತ್ತಳು. ಒಂದೇ ದಿನ ಆದದ್ದಲ್ಲ. ಮೊದಲು ಹೊಸ್ತಿಲು ಎಡವಿದಳು, ಆಮೇಲೆ ತಾಟಿನ ಪಕ್ಕದ ನೀರಿನ ತಂಬಿಗೆ ಉರುಳಿಸತೊಡಗಿದಳು. “ಕಣ್ಣು ಎಲ್ಲಿಟ್ಟೀಬೇ?” ಎಂದು ಗದರಿದವಳು ನಾನೇ. ಕಡೆಯ ವರ್ಷಗಳಲ್ಲಿ ಬಚ್ಚಲಿಗೆ ಹೋಗಬೇಕಾದರೂ ಅವಳು ಯಾರಾದರೂ ಕೈ ಹಿಡಿಯಲೆಂದು ಕಾಯುತ್ತ ಕೂರುತ್ತಿದ್ದಳು. ನನಗೆ ಸಾವಿಗಿಂತ ಆ ಕಾಯುವುದರ ಹೆದರಿಕೆ ಹೆಚ್ಚು. ಕೋಥರೂಡದಿಂದ ಯೆರವಡಾದ ಆಫೀಸಿಗೆ ಇಪ್ಪತ್ತೆರಡು ವರ್ಷ ನಾನೇ ಸ್ಕೂಟರ್ ಹೊಡೆದುಕೊಂಡು ಹೋದವಳು. ನಮ್ಮವರಿಗೆ ಗಾಡಿ ಬರುವುದಿಲ್ಲ. ಹಿಂದೆ ಕೂತು ದಾರಿಯಲ್ಲಿ ತಾವು ಕೆಲಸ ಮಾಡುವ ಪೇಟೆಯ ಬಟ್ಟೆ ಅಂಗಡಿಯ ಮುಂದೆ ಇಳಿಯುತ್ತಾರೆ. ಕಣ್ಣಿನ ವಿಷಯ ಬಾಯಿಬಿಟ್ಟರೆ ಅದೇ ದಿನ ಕೀಲಿ ನನ್ನ ಕೈತಪ್ಪುತ್ತದೆಂದು ಗೊತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ.

ಮೂರು ವಾರ ಹಾಗೇ ನಡೆಯಿತು. ಎರಡೂ ಕಣ್ಣು ತೆರೆದರೆ ಎಲ್ಲ ಕಾಣುತ್ತದಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಗಳಿಗೆಗೊಮ್ಮೆ ಎಡಕ್ಕೆ ಕತ್ತು ತಿರುಗಿಸಿ ನೋಡುವೆ. ಹಿಂದಿನವರು ಹಾರ್ನ್ ಹೊಡೆಯುವರು. “ಯಾರನ್ ಹುಡುಕ್ಲಿಕತ್ತೀ?” ಎಂದು ನಮ್ಮವರು ಒಂದು ದಿನ ಕೇಳಿದರು. “ನನ್ನ ಸವತೀನ,” ಎಂದೆ. ಅವರು ನಕ್ಕರು. ಹಿಂದೆ ಕೂತ ಆ ಮನುಷ್ಯನ ಜೀವವನ್ನು ನನ್ನ ಹಟಕ್ಕೆ ಪಣ ಇಟ್ಟಿದ್ದೇನೆಂದು ಗೊತ್ತಿದ್ದೂ ಗಾಡಿ ಓಡಿಸಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ರವಿವಾರ ಕ್ಲಾಸು ಮುಗಿದ ಮೇಲೆ ಸರ್ ನನ್ನನ್ನು ನಿಲ್ಲಿಸಿಕೊಂಡರು. ನನ್ನ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಗಿದು, ತಾವೇ ಕಿಂಡಿಯಲ್ಲಿ ನೋಡಿ ಹೊಂದಿಸಿ, ನನ್ನನ್ನು ಕರೆದರು.

“ನಡೂಕಿನ ಕುರ್ಚಿ ನೋಡ್ರಿ. ಕಣ್ಣ ಆಡಸ್ಬ್ಯಾಡ್ರಿ. ಏನೇನ್ ಅದ ಹೇಳ್ರಿ.”

“ಕುರ್ಚಿ. ಅದರ ಮ್ಯಾಲ ಪೇಪರ್. ಹಿಂದ ಕಿಟಕಿ.”

“ಮತ್ತ?”

“ಮತ್ತೇನಿಲ್ರಿ.”

“ಈಗ ಎಡಗಣ್ಣ ಇಡ್ರಿ.”

ಇಟ್ಟೆ. ಎಡಗಡೆಯ ಕೆಳಮೂಲೆಯಲ್ಲಿ ಕೆಂಪು ಬಕೆಟ್ಟು. ಸಣ್ಣದಲ್ಲ, ನೆಲ ಒರೆಸುವ ದೊಡ್ಡ ಬಕೆಟ್ಟು. ನಾನು ತಲೆ ಎತ್ತಲಿಲ್ಲ. ಎತ್ತಿದರೆ ಅವರ ಮುಖ ನೋಡಬೇಕಾಗುತ್ತಿತ್ತು.

“ನಿಮಗ ಗೊತ್ತಿತ್ತು, ಹೌದಲ್ರಿ?” ಅವರ ದನಿ ಇಳಿದಿತ್ತು. “ನಂದೂ ತಪ್ಪಾತು. ಎರಡ ತಿಂಗಳು ಬರೇ ಬೈಕೋತ ಕುಂತೆ. ನಾಳೇನ ಡಾಕ್ಟರ್ ಕಡೆ ಹೋಗ್ರಿ. ಹೋಗ್ಲಿಲ್ಲಂದ್ರ ನಾನ ಮನಿಗೆ ಬಂದು ನಿಮ್ಮವ್ರಿಗೆ ಹೇಳ್ತೀನಿ.”

ನಮ್ಮವರಿಗೆ ಚಶ್ಮಾದ ನಂಬರು ಬದಲಾಗಿರಬೇಕೆಂದು ಸುಳ್ಳು ಹೇಳಿ ಕಣ್ಣಿನ ಆಸ್ಪತ್ರೆಗೆ ಹೊರಟೆ. ಅವರು ರಜೆ ಹಾಕಿ ಜೊತೆಗೆ ಬಂದರು. ಅಲ್ಲಿ ಕತ್ತಲ ಕೋಣೆಯೊಂದರಲ್ಲಿ ದೊಡ್ಡ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಗದ್ದ ಊರಿಸಿ, ಒಂದು ಕಣ್ಣಿಗೆ ಪಟ್ಟಿ ಹಚ್ಚಿ, ಕೈಗೆ ಒಂದು ಬಟನ್ ಕೊಟ್ಟರು. ನಡುವಿನ ಚುಕ್ಕೆಯನ್ನೇ ನೋಡಬೇಕು. ಸುತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಒತ್ತಬೇಕು.

ಮೊದಲು ಚೆನ್ನಾಗಿಯೇ ನಡೆಯಿತು. ಬೆಳಕು, ಒತ್ತು. ಬೆಳಕು, ಒತ್ತು. ಆಮೇಲೆ ಬೆಳಕು ಬರುವುದು ನಿಂತಿತು. ಯಂತ್ರ ಮಾತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಪ್ರತಿ ಟಿಕ್ಕಿಗೂ ಎಲ್ಲೋ ಒಂದು ಬೆಳಕು ಬರುತ್ತಿದೆ, ಅದು ನನಗೆ ಸಿಗುತ್ತಿಲ್ಲ ಎಂದು ಅರ್ಥವಾಯಿತು. ನಾನು ಸಾಲೆಯಲ್ಲೂ ಫೇಲಾದವಳಲ್ಲ. ಟಿಕ್ ಎಂದಾಗಲೆಲ್ಲ ಅಂದಾಜಿನ ಮೇಲೆ ಒತ್ತತೊಡಗಿದೆ. ಪಾಸಾಗಬೇಕಿತ್ತು. ಪಾಸಾದರೆ ಗಾಡಿ ಉಳಿಯುತ್ತದೆ, ನಾನು ಅವ್ವನ ಹಾಗೆ ಕಾಯುತ್ತ ಕೂರಬೇಕಿಲ್ಲ.

ಪರೀಕ್ಷೆ ಮಾಡುವ ಹುಡುಗಿ ಯಂತ್ರ ನಿಲ್ಲಿಸಿದಳು. ಬೆಳಕು ಇಲ್ಲದಾಗಲೂ ನಾನು ಒತ್ತುತ್ತಿದ್ದುದು ಯಂತ್ರಕ್ಕೆ ತಿಳಿದಿತ್ತಂತೆ. “ಕಾಕೂ, ಹೀಗೆ ಮಾಡಿದರೆ ಡಾಕ್ಟರಿಗೆ ಸುಳ್ಳು ಕಾಗದ ಹೋಗುತ್ತದೆ. ಔಷಧವೂ ಸುಳ್ಳೇ ಆಗುತ್ತದೆ,” ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿ, ನೀರು ಕೊಟ್ಟು, ಮೊದಲಿನಿಂದ ಶುರು ಮಾಡಿದಳು. ಎರಡನೆಯ ಸಲ ನಾನು ಮೋಸ ಮಾಡಲಿಲ್ಲ. ಬೆಳಕು ಕಾಣದಾಗ ಹೆಬ್ಬೆರಳನ್ನು ಬಿಗಿಹಿಡಿದು ಕೂತೆ. ಟಿಕ್, ಟಿಕ್, ಟಿಕ್. ಹೋದದ್ದು ಎಷ್ಟು ಎಂದು ಕೂತಲ್ಲೇ ಕೇಳಿಸಿಕೊಂಡೆ. ಪಟ್ಟಿ ತೆಗೆದಾಗ ಆ ಕಣ್ಣು ಅಳುತ್ತಿತ್ತು.

ಡಾಕ್ಟರಮ್ಮ ಅದಕ್ಕೆ ಕಾಚಬಿಂದು, ಅಂದರೆ ಗ್ಲಾಕೋಮಾ, ಎಂದರು. ಕಣ್ಣೊಳಗಿನ ಒತ್ತಡ ನರವನ್ನು ತಿನ್ನುವ ಬೇನೆ, ರಕ್ತಸಂಬಂಧದಲ್ಲಿ ಬರುವಂಥದು. ಬಲಗಣ್ಣಿನಲ್ಲಿ ಹೋದದ್ದು ಹೋಯಿತು, ಎಡಗಣ್ಣಿನಲ್ಲೂ ಸಣ್ಣಗೆ ಶುರುವಾಗಿದೆ, ಇನ್ನು ಜೀವಮಾನವಿಡೀ ಹನಿ ಹಾಕಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ನಮ್ಮವರು ನನ್ನ ಕಡೆ ನೋಡದೆ ಎಲ್ಲ ಕೇಳಿಸಿಕೊಂಡರು. ಗಾಡಿಯ ಮಾತು ಎತ್ತಿದವಳು ನಾನೇ.

“ಹಗಲು ಹೊತ್ತು, ಹುಷಾರಾಗಿ, ಸದ್ಯಕ್ಕೆ ಓಡಿಸಬಹುದು,” ಎಂದರು ಡಾಕ್ಟರಮ್ಮ. “ಆದರೆ ಕಾಣದೆ ಇರುವುದು ನಿಮಗೆ ಗೊತ್ತೇ ಆಗುವುದಿಲ್ಲ, ಅದೇ ಇದರ ತೊಂದರೆ. ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಬಿಡುತ್ತದೆ.”

ಹೊರಗೆ ಬಂದು ಗಾಡಿ ಶುರು ಮಾಡಿದೆ. ಓಡಿಸಬಹುದು ಎಂಬ ಒಂದೇ ಮಾತನ್ನು ಗಟ್ಟಿ ಹಿಡಿದಿದ್ದೆ.

“ನಂಗ್ಯಾಕ ಹೇಳ್ಲಿಲ್ಲ?” ಎಂದರು ನಮ್ಮವರು.

“ಹೇಳಿದ್ರ ಗಾಡಿ ಬ್ಯಾಡ ಅಂತಿದ್ರಿ.”

“ಹೌದು, ಅಂತಿದ್ದೆ,” ಎಂದು ಹಿಂದೆ ಕೂತರು. ಇಷ್ಟು ವರ್ಷ ಪೇಪರು ಮಡಚಿಕೊಂಡು ನಿಶ್ಚಿಂತೆಯಿಂದ ಕೂರುತ್ತಿದ್ದ ಮನುಷ್ಯ ಅಂದು ನನ್ನ ಹೆಗಲನ್ನು ಬಿಗಿಯಾಗಿ ಹಿಡಿದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಗಾಡಿಯನ್ನು ನಿಧಾನಕ್ಕೆ ರಸ್ತೆಗೆ ಇಳಿಸಿದೆ.

ಮೊದಲ ತಿರುವಿನಲ್ಲಿ, “ಎಡಕ್ಕ ಬಸ್ ಅದ,” ಎಂದರು.

“ಕಾಣ್ತದ್ರಿ,” ಎಂದೆ. ಕಾಣುತ್ತಿತ್ತು.

ಸ್ವಲ್ಪ ಮುಂದೆ ಅವರ ಬೆರಳು ಹೆಗಲಿನೊಳಗೆ ಇಳಿದವು. “ಸೈಕಲ್!” ಬ್ರೇಕು ಹಾಕಿದೆ. ಗಲ್ಲಿಯಿಂದ ಹೊರಬಿದ್ದ ಸೈಕಲ್ಲೊಂದು ಮುಂದಿನ ಗಾಲಿಯ ಎದುರೇ ದಾಟಿಹೋಯಿತು. ಅದರ ಮೇಲಿದ್ದ ಮುದುಕ ನಮ್ಮತ್ತ ತಿರುಗಿಯೂ ನೋಡಲಿಲ್ಲ.

“ಕಂಡಿತ್ತೇನು?” ನಮ್ಮವರು ಕೇಳಿದರು.

ಹೂಂ ಎನ್ನಬಹುದಿತ್ತು. ಹೂಂ ಎಂದಿದ್ದರೆ ಅವರು ನಂಬುತ್ತಿದ್ದರು, ನನ್ನನ್ನು ನಂಬುವುದು ಅವರಿಗೆ ರೂಢಿಯಾಗಿತ್ತು. ಕಣ್ಣಿಗೆ ಬೀಳಲಿಲ್ಲವೋ, ಗಮನ ಎಲ್ಲೋ ಇತ್ತೋ, ಅದನ್ನು ತಿಳಿಯುವ ದಾರಿ ಈಗ ನನಗೇ ಉಳಿದಿರಲಿಲ್ಲ.

“ಇಲ್ರಿ,” ಎಂದೆ.

ಗಾಡಿಯನ್ನು ರಸ್ತೆಯ ಬದಿಗೆ ಒಯ್ದು ಸ್ಟ್ಯಾಂಡ್ ಹಾಕಿದೆ. ಕೀಲಿ ತೆಗೆದೆ. ನಮ್ಮವರು ಕೈ ಚಾಚಲಿಲ್ಲ, ನಾನೇ ಅವರ ಅಂಗಿಯ ಕಿಸೆಗೆ ಹಾಕಿದೆ.

“ಆಟೋ ಕರೀರಿ,” ಎಂದೆ.