ಉಡಿಯಲ್ಲಿ ಬಂದ ಜರ್ಸಿ

ನಮ್ಮ ಅಕ್ಕೋರ ಕೊರಳಲ್ಲಿ ಕರಿಮಣಿ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಕರೀ ದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿ ತೂಗುತ್ತಿತ್ತು. ಅದನ್ನು ಸೆರಗಿನೊಳಗೆ ಸಿಗಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಬೆಂಗೇರಿಯ ಬಯಲಿನಲ್ಲಿ ನಮ್ಮ ಹಿಂದೆ ಸೀರೆಯಲ್ಲೇ ಓಡುತ್ತಿದ್ದರು. ಸೀಟಿ ಅವರ ಗಂಡನದು. ರೈಲ್ವೆಯಲ್ಲಿದ್ದು ಫುಟ್ಬಾಲ್ ಆಡುತ್ತಿದ್ದ ಆ ಮನುಷ್ಯ ಲಗ್ನವಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದರು.

ಸಾಲಿಯಲ್ಲಿ ಅಕ್ಕೋರು ಕಲಿಸುತ್ತಿದ್ದದ್ದು ಹೊಲಿಗೆ. ಆಟದ ಮಾಸ್ತರರು ವರ್ಗವಾಗಿ ಹೋದಾಗ ಆ ಪಿರಿಯಡ್ ಇವರ ಪಾಲಿಗೆ ಬಂತು. ಹುಡುಗಿಯರಿಗೆ ಖೋ-ಖೋ ಆಡಿಸಿರೆಂದರು ಹೆಡ್ ಮಾಸ್ತರರು. ಅಕ್ಕೋರು ಚೆಂಡು ತಂದರು. ಏನ್ ಹಠ ಅಂತೀರಿ! ನಮ್ಮ ಹೆಣ್ಣುಮಕ್ಕಳ ಫುಟ್ಬಾಲ್ ಕ್ಲಬ್ಬು ಹುಟ್ಟಿದ್ದು ಹೀಗೆ.

ಜರ್ಸಿ ಬೇಕಲ್ಲ? ನಮ್ಮ ಕಡೆ ಹೆಣ್ಣುಮಗಳು ಹೊರಟು ನಿಂತರೆ ಉಡಿ ತುಂಬುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಮೇಲೊಂದು ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ. ಆ ಖಣ ಹೊಲಿಸುವವರು ಕಡಿಮೆ. ಇವರು ಅವರಿಗೆ, ಅವರು ಮತ್ತೊಬ್ಬರಿಗೆ ದಾಟಿಸಿ, ಕಡೆಗೆ ಕೊಟ್ಟವರ ಮನೆಗೇ ತಿರುಗಿ ಬರುವುದುಂಟು. ಅಕ್ಕೋರು ಓಣಿ ಓಣಿ ತಿರುಗಿ, "ಟ್ರಂಕಿನ್ಯಾಗ ಕೊಳ್ಯಾಕತ್ತಾವಲ್ರಿ, ಹುಡುಗ್ಯಾರ ಮೈಮ್ಯಾಲರ ಬರ್ಲಿ" ಎಂದು ಖಣ ಕೂಡಿಸಿ ತಾವೇ ಜರ್ಸಿ ಹೊಲಿದರು. ಒಂದು ಗಿಳಿಹಸಿರು, ಒಂದು ಕುಂಕುಮಗೆಂಪು; ಒಂದರಂತೆ ಇನ್ನೊಂದಿಲ್ಲ. ಬೆವತರೆ ಬಣ್ಣ ಬಿಟ್ಟು ಮೈಯೆಲ್ಲ ರಂಗಪಂಚಮಿ.

ಮೊದಲ ಮ್ಯಾಚು ಧಾರವಾಡದಲ್ಲಿ. ಎದುರಿನವರು ಪೂರಾ ನೀಲಿ. ನಮ್ಮವರನ್ನು ಗುರುತಿಸುವುದು ಹೇಗೆಂದು ನಾವು ಗಾಬರಿಯಾದರೆ ಅಕ್ಕೋರು, "ಅದಕ್ಕೇನವಾ? ನೀಲಿ ಇಲ್ಲದವ್ರೆಲ್ಲಾ ನಮ್ಮವ್ರು!" ಅಂದುಬಿಟ್ಟರು. ನಮ್ಮ ಗೆಳತಿಯೊಬ್ಬಳು ಆ ಮಾತನ್ನು ಶಿರಸಾವಹಿಸಿ, ಹಳದಿ ಅಂಗಿಯ ರೆಫ್ರಿಗೇ ಚೆಂಡು ಪಾಸ್ ಮಾಡಿದಳು. ಸೋತೆವು. ಬಸ್ಸಿನಲ್ಲಿ ಅಕ್ಕೋರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಅಂವಾ ಛಲೋ ಜಾಗಾದಾಗ ನಿಂತಿದ್ದ ಬಿಡವಾ. ಗೋಲ್ ಹೊಡೀಲಿಲ್ಲ, ಅಷ್ಟ."

ಕ್ಲಬ್ಬಿನ ಖರೇ ವೈರಿ ಅಂದರೆ ಲಗ್ನ. ಹುಡುಗಿಗೆ ಗಂಡು ಗೊತ್ತಾದರೆ ಆಟ ಮುಗಿಯಿತು. ನನ್ನ ಸರದಿಯೂ ಬಂತು, ಬೈರಿದೇವರಕೊಪ್ಪದ ಮನೆತನ. ಆಟ ಬಿಡಲು ಮನಸ್ಸಿಲ್ಲ, ಆಡಲೇ ಎಂದು ಕೇಳಲು ಧೈರ್ಯವಿಲ್ಲ. ಗೋಲ್ ಕಂಬ ಹಿಡಿದು ಅಳುತ್ತ ನಿಂತಿದ್ದೆ.

"ಅಳಬ್ಯಾಡ," ಎಂದರು ಅಕ್ಕೋರು. "ಈ ಬಯಲೂ ನಿನ್ನ ತೌರಮನಿನ. ತೌರಮನಿಗೆ ಬರಬ್ಯಾಡ ಅಂತ ಯಾರಂತಾರ?"

ಲಗ್ನದ ದಿನ ಉಡಿ ತುಂಬುವಾಗ ಅವರು ದೂರ ಹಂದರದ ಕಂಬದ ಮಗ್ಗುಲಿಗೆ ನಿಂತಿದ್ದರು. ಗಂಡ ಇಲ್ಲದವರು ಉಡಿ ತುಂಬುವಂತಿಲ್ಲ, ತುಂಬಿಸಿಕೊಳ್ಳುವಂತೆಯೂ ಇಲ್ಲ. ನನ್ನ ಅವ್ವನನ್ನು ಕರೆದು ಮಡಚಿದ ಬಟ್ಟೆಯೊಂದನ್ನು ಕೊಟ್ಟು, "ಖಣದ ಜೋಡಿ ಇದನ್ನೂ ಹಾಕ್ರಿ" ಎಂದಷ್ಟೇ ಹೇಳಿದರು.

ಗಂಡನ ಮನೆಯಲ್ಲಿ ಉಡಿ ಬಿಚ್ಚಿದರೆ, ಅಕ್ಕಿಯ ನಡುವೆ ಹೊಸದಾಗಿ ಹೊಲಿದ ಗಿಳಿಹಸಿರು ಜರ್ಸಿ! ಅತ್ತೆ ಅದನ್ನು ಝಾಡಿಸಿ ಹಿಂದೆ ಮುಂದೆ ನೋಡಿದರು.

"ಇದನ್ನ ಎಲ್ಲೆ ಹಾಕ್ಕೋತಾರವಾ?"

"ಗ್ರೌಂಡಿನ್ಯಾಗ್ರಿ."

ಕಟ್ಟುನಿಟ್ಟಿನ ಹೆಂಗಸು. ಜರ್ಸಿಯನ್ನು ಮಡಚಿ ನನ್ನ ಕೈಗಿಟ್ಟರು. ಆಮೇಲೆ, "ಉಡ್ಯಾಗ ಬಂದದ್ದನ್ನ ಒಲ್ಲೆ ಅನಬಾರ್ದು. ಒಮ್ಮೆರ ಹಾಕ್ಕೋಬೇಕು. ಹೋಗಿ ಬಾ" ಎಂದರು. ಆ ಒಮ್ಮೆ ಇನ್ನೂ ಮುಗಿದಿಲ್ಲ! ನನ್ನ ಹಿಂದೆ ಲಗ್ನವಾದವರ ಉಡಿಯಲ್ಲೆಲ್ಲ ಒಂದೊಂದು ಜರ್ಸಿ ಹೋಯಿತು. ಎಲ್ಲರೂ ತಿರುಗಿ ಬಂದರು ಅಂತಲ್ಲ. ಬಹಳ ಮಂದಿ ಬಂದರು.

ಮೊಣಕಾಲು ಕೈಕೊಟ್ಟು ಅಕ್ಕೋರು ಸೀಟಿ ನನಗೆ ಒಪ್ಪಿಸಿದ ದಿನ, ನಾವೆಲ್ಲ ಬಯಲಿನ ನಡುವೆ ಕುರ್ಚಿ ಹಾಕಿ ಅವರನ್ನು ಕೂಡ್ರಿಸಿದೆವು. ಉಡಿಯ ತಾಟು ಕಂಡದ್ದೇ ಎದ್ದುಬಿಟ್ಟರು. "ಏ ಬ್ಯಾಡ, ನನಗ ಇದು ನಡ್ಯಂಗಿಲ್ಲ."

ತಾಟು ಹಿಡಿದಿದ್ದವರು ನನ್ನ ಅತ್ತೆ. "ಇಷ್ಟ ಮಂದಿ ಹೆಣ್ಮಕ್ಕಳಿಗೆ ತೌರಮನಿ ಆದವ್ರು ನೀವು. ನಿಮಗ ನಡೀಲಿಲ್ಲಂದ್ರ ಮತ್ಯಾರಿಗೆ ನಡೀತೈತ್ರಿ? ಸೆರಗ ಹಿಡೀರಿ."

ಅಕ್ಕೋರು ಸೆರಗು ಹಿಡಿದರು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಮೇಲೆ ನಾವೇ ಹೊಲಿದ ಖಣದ ಜರ್ಸಿ. ನಾನಂತೂ ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಅಕ್ಕೋರು ಕಣ್ಣೊರೆಸಿಕೊಂಡು, ಜರ್ಸಿ ತಿರುವಿ ನೋಡಿ, "ಹೊಲಿಗಿ ಸೊಟ್ಟ ಐತಿ" ಅಂದರು.

ಮರುದಿನ ಮುಂಜಾನೆ ಸೀರೆಯ ಮೇಲೆ ಅದನ್ನೇ ಹಾಕಿಕೊಂಡು ಬಯಲಿಗೆ ಬಂದರು. ಹೋದ ವರ್ಷ ತೀರಿಕೊಂಡ ಅವರನ್ನು ಕಳಿಸಿಕೊಡುವಾಗಲೂ ಸೀರೆಯ ಮೇಲೆ ಅದೇ ಇತ್ತು. ಬೇಡ ಅಂದವರು ಒಬ್ಬರೂ ಇಲ್ಲ.

ಸೀಟಿ ಈಗ ನನ್ನ ಕೊರಳಲ್ಲಿ, ಕರಿಮಣಿಯ ಜೋಡಿ. ಓಡುವಾಗ ಎರಡೂ ತಾಕಿ ಸಪ್ಪಳಾಗುತ್ತದೆ, ಹುಡುಗಿಯರು ನಗುತ್ತಾರೆ. ಮೊನ್ನೆ ನಮ್ಮ ಗೋಲ್‌ಕೀಪರ್ ಹುಡುಗಿ ಲಗ್ನ ಗೊತ್ತಾಯಿತೆಂದು ಅಳುತ್ತ ಬಂದಳು. ಅಳಬ್ಯಾಡ ಅಂದು, ನಾನು ಅಳತೆಯ ಟೇಪು ತೆಗೆದೆ.