ಮದರಂಗಿ ಬೇಲಿಯ ಹಿಂದೆ

ಆಗೆಲ್ಲ ಮನೆಯ ಕೆಲಸ ಒಮ್ಮೆಗೇ ಮುಗಿಯುತ್ತಿರಲಿಲ್ಲ. ಈ ತಿಂಗಳು ಕಿಟಕಿಗೆ ಬಣ್ಣ, ಮುಂದಿನ ತಿಂಗಳು ಬಚ್ಚಲಿಗೆ ಗಿಲಾವು. ಅರವತ್ತರ ದಶಕದಲ್ಲಿ ವಿಮಾ ಕಚೇರಿಯಲ್ಲಿದ್ದ ಅಪ್ಪನಿಗೆ ಧಾರವಾಡದಿಂದ ಬರೋಡಾಕ್ಕೆ ವರ್ಗವಾಗಿ, ಅಲ್ಲಿಯ ಗೋರ್ವಾದಲ್ಲಿ ಹಳೆಯ ಮನೆಯೊಂದನ್ನು ಕೊಂಡಾಗ ನಮ್ಮದೂ ಹಾಗೇ ನಡೆದಿತ್ತು. ಸುಣ್ಣದ ಹಸಿ ವಾಸನೆಯಲ್ಲೇ ಊಟ, ನಿದ್ದೆ. ಕೊನೆಗೆ ಉಳಿದದ್ದು ಹಿತ್ತಲು: ಔಡಲ, ಜಾಲಿ, ಅಡ್ಡಕ್ಕೆ ಆಳೆತ್ತರ ಬೆಳೆದ ಮದರಂಗಿ ಬೇಲಿ.

ಆ ಬೇಲಿಯ ಹಿಂದೊಂದು ಹಾಸುಗಲ್ಲಿತ್ತು. ತಿಂಗಳ ಮೂರು ದಿನ ಅವ್ವ ಅಲ್ಲಿ ಕೂಡುತ್ತಿದ್ದಳು. ಯಾಕೆಂದು ಕೇಳಿದರೆ, "ಕಾಗಿ ಮುಟ್ಟೇದ, ದೂರ ನಿಲ್ಲು" ಅನ್ನುತ್ತಿದ್ದಳು. ನಾನು ನಂಬಿದ್ದೆ. ಅಪ್ಪ ಮಾಡಿದ ನೀರು ಸಾರು ಉಣ್ಣುತ್ತ, ಊರಿನಿಂದ ಟಪಾಲಿನಲ್ಲಿ ಬಂದ ಮಾಸಪತ್ರಿಕೆ ಓದುತ್ತ ಅವಳು ಒಬ್ಬಳೇ ನಗುವುದು ಎಲೆಗಳ ಆಚೆಯಿಂದ ನನಗೆ ಕೇಳಿಸುತ್ತಿತ್ತು. ಉಳಿದ ದಿನಗಳಲ್ಲಿ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಅಪ್ಪನ ಸಾಹೇಬರು ಸಂಸಾರ ಸಮೇತ ಹೊಸ ಮನೆ ನೋಡಲು ರವಿವಾರ ಚಹಕ್ಕೆ ಬರುವವರಿದ್ದರು. ಶನಿವಾರ ಅಪ್ಪ ಕುಡುಗೋಲು ಹಿಡಿದು ಹಿತ್ತಲಿಗಿಳಿದ. ಪಕ್ಕದ ಮನೆಯ ಜಯಂತಿಭಾಯಿ ಗರಗಸ ತಂದರು. ಮದರಂಗಿಯ ಹತ್ತಿರ ಬಂದಾಗ ಅವ್ವ ಹಿಂಬಾಗಿಲಿಗೆ ಬಂದಳು.

"ಆ ಮೂಲಿ ಒಂದ ಬಿಡ್ರಿ."

"ಯಾಕ? ಸಾಹೇಬ್ರು ಕಿಟಕಿಯಿಂದ ಕಾಡ ನೋಡಬೇಕೇನು?"

"ಹಂಗಲ್ಲರಿ…"

"ಭಾಭೀ, ಸಾಪ್ ಆಯೇಗಾ," ಎಂದು ಹಾವಿನ ಹೆದರಿಕೆ ಹಾಕಿ ಜಯಂತಿಭಾಯಿ ನಕ್ಕರು. ಪರಗಂಡಸಿನ ಎದುರು ಅವ್ವ ಇನ್ನೇನು ಹೇಳಿಯಾಳು? ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಾನು ಉರುಳಿದ ಟೊಂಗೆಗಳ ಎಲೆ ಉದುರಿಸಿ ಅಂಗೈಯಲ್ಲಿ ಕಿವುಚಿ ಕೆಂಪಾಗಿಸಿಕೊಂಡು ಕುಣಿದೆ.

ಮರುದಿನ ಬೆಳಿಗ್ಗೆ ಅವ್ವನಿಗೆ ಕಾಗೆ ಮುಟ್ಟಿತು.

"ಈಗ ಬರಬ್ಯಾಡ್ರಿ ಅಂತ ಹೆಂಗ ಹೇಳೂದು?" ಅಪ್ಪ ತಲೆ ಹಿಡಿದು ಕೂತ.

"ನೀವ ಅವಲಕ್ಕಿ ಹಚ್ಚರಿ," ಎಂದಳು ಅವ್ವ ಹೊರಗಿನಿಂದ. "ಇಂಗು ಮರೀಬ್ಯಾಡ್ರಿ."

ಅತಿಥಿಗಳು ಬಂದರು. ಹೊಸ ಬಣ್ಣದ ಕಿಟಕಿ ತೆರೆದಿತ್ತು. ಆಚೆ ಬೋಳು ಹಿತ್ತಲು, ಹಾಸುಗಲ್ಲು, ಅದರ ಮೇಲೆ ನಮಗೆ ಬೆನ್ನು ಮಾಡಿ, ತಲೆತುಂಬ ಸೆರಗು ಹೊದ್ದು ಗೋಡೆಯ ಕಡೆ ಮುಖ ಮಾಡಿ ಕೂತ ಅವ್ವ.

ಸಾಹೇಬರ ಮಗಳು ಲೀನಾ ಕಾನ್ವೆಂಟಿನಲ್ಲಿ ನನ್ನದೇ ತರಗತಿ. ಅಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುವುದೆಂದರೆ ಶಿಕ್ಷೆ. "ನಿಮ್ಮ ಮಮ್ಮಿ ಏನು ತಪ್ಪು ಮಾಡಿದಳು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಸಿಸ್ಟರ್ ಕಲಿಸಿದಷ್ಟೇ ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, ನಾನು ಉತ್ತರಿಸಿದೆ: "ಏನಿಲ್ಲ, ಅವಳನ್ನು ಕಾಗೆ ಮುಟ್ಟಿದೆ."

ಸಾಹೇಬರು ಬಸಿಯಲ್ಲಿದ್ದ ಚಹವನ್ನೇ ನೋಡತೊಡಗಿದರು. ಅವರ ಹೆಂಡತಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಏನೋ. ಅಪ್ಪ ಎದ್ದು ಹೋಗಿ, ಆ ದಿನಕ್ಕೆಂದೇ ಮಂಚಕ್ಕೆ ಹಾಸಿದ್ದ ಹೊಸ ಚಾದರ ತಂದು ಹಿತ್ತಲಿನ ಹಗ್ಗದ ಮೇಲೆ ಹರವಿದ. ಅದು ಗಾಳಿಗೆ ಹಾರುತ್ತಿತ್ತು. ಹಾರಿದಾಗಲೆಲ್ಲ ಅವ್ವ ಇನ್ನಷ್ಟು ಮುದುಡಿ ಕೂಡುತ್ತಿದ್ದಳು.

ಸಂಜೆ ಅಪ್ಪ ಕಡಿದ ಟೊಂಗೆಗಳನ್ನೇ ಆಯ್ದು ತಂದು ಸಾಲಾಗಿ ನೆಲಕ್ಕೆ ಚುಚ್ಚುತ್ತಿದ್ದ.

"ಬಿಡ್ರಿ," ಎಂದಳು ಅವ್ವ, ತಿರುಗದೆಯೇ. "ಒಣಗಿದ್ದು ಎಷ್ಟ ದಿನ ನಿಂತೀತು?"

ಮುಂದಿನ ತಿಂಗಳಿನಿಂದ ಅವಳು ಕಟ್ಟಿಗೆ ಕೋಣೆಯಲ್ಲಿ ಕೂಡತೊಡಗಿದಳು. ಅಲ್ಲಿ ಓದಲು ಬೆಳಕಿರಲಿಲ್ಲ. ಹಿತ್ತಲಿಗೆ ಗುಲಾಬಿ ಬಂತು, ನೋಡಿದವರೆಲ್ಲ ಹೊಗಳಿದರು. ನನ್ನ ಅಂಗೈಯ ಕೆಂಪು ಮಾಸುವವರೆಗೂ ನಾನು ಶಾಲೆಯಲ್ಲಿ ಮುಷ್ಟಿ ಬಿಗಿದೇ ಇರುತ್ತಿದ್ದೆ.

ನನ್ನ ಮನೆಯಲ್ಲಿ ಈಗ ಯಾರೂ ಹೊರಗೆ ಕೂಡುವುದಿಲ್ಲ. ಆ ಪದ್ಧತಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಎಲೆಗಳ ಆಚೆಯಿಂದ ಬರುತ್ತಿದ್ದ ಆ ನಗು ಮತ್ತೆ ಕೇಳಲಿಲ್ಲ. ನೀನು ಯಾವ ಕಥೆಗೆ ಅಷ್ಟು ನಗುತ್ತಿದ್ದೆ ಎಂದು ಅವ್ವನನ್ನು ಕೇಳುವ ಮುಖ ನನಗೆ ಕೊನೆಯವರೆಗೂ ಇರಲಿಲ್ಲ.