ರೈಲಿಗೆ ಮುನ್ನ ವೈನಿ ತೋರಿಸಿದ ಸಮುದ್ರ

ಕಳೆದ ವಾರ ಜಮಖಂಡಿ ಪೇಟೆಯಲ್ಲಿ ಮಗಳಿಗೆ ರೇನ್‌ಕೋಟ್ ಕೊಳ್ಳಲು ಹೋಗಿದ್ದೆ. ಅಂಗಡಿಯವರು ಹೊಸದೊಂದನ್ನು ಬಿಡಿಸಿ ಹರವಿದಾಗ ಪ್ಲಾಸ್ಟಿಕ್ಕಿನ ಘಾಟು ಮೂಗಿಗೆ ಬಡಿಯಿತು. ಅದೇ ವಾಸನೆ… ಮಂಗಳೂರಿನ ಬಸ್ ನಿಲ್ದಾಣ, ಎದುರಿಗೆ ವೈನಿ.

ವೈನಿ ಎಂದರೆ ನನ್ನ ಅತ್ತಿಗೆ, ಅಣ್ಣನ ಮೊದಲ ಹೆಂಡತಿ. ಮುಧೋಳದವರು. ಬನಹಟ್ಟಿಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ದಿನಾ ಬೆಳಿಗ್ಗೆ ನನ್ನ ಜಡೆ ಹಾಕುತ್ತಿದ್ದವರು ಅವರೇ. ಕೆಲವು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಊರೂರಿನ ದವಾಖಾನೆ ಅಲೆದದ್ದು ಅವರೊಬ್ಬರೇ. ಅಣ್ಣ ಒಮ್ಮೆಯೂ ಹೋಗಲಿಲ್ಲ. ಕೊನೆಗೆ ಹಿರಿಯರನ್ನು ಕೂಡಿಸಿ, ಮದುವೆ ಮುರಿದ ಸೋಡಚೀಟಿ ಮಾಡಿಸಿ, ಅವರನ್ನು ತವರಿಗೆ ಕಳಿಸಿದರು. ಬೇಗನೇ ಅಣ್ಣನಿಗೆ ಎರಡನೆಯ ಮದುವೆಯೂ ಆಯಿತು.

ನಾನು ಬ್ಯಾಂಕು ಸೇರಿದ ಮೇಲೆ ತರಬೇತಿಗೆಂದು ಕೊಚ್ಚಿಗೆ ಹೊರಟೆ. ಬೆಳಿಗ್ಗೆ ಮಂಗಳೂರಿನಲ್ಲಿ ಬಸ್ಸಿನಿಂದ ಇಳಿದು, ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಹೊರಡುವ ಮುಂಚೆ ಅದನ್ನೇ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದ್ದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಮನೆಯವರ ಕಣ್ಣಿಗೆ ಬೀಳದಿರಲೆಂದು ‘ಮುಧೋಳ’ ಎಂದಷ್ಟೇ ಬರೆದಿಟ್ಟಿದ್ದ ನಂಬರು.

“ತಂಗಿ, ನಾ ಈಗ ಮಂಗಳೂರಾಗ ಹುಡುಗ್ಯಾರ ಹಾಸ್ಟೆಲಿನ ವಾರ್ಡನ್ ಅದೀನಿ. ಸಮುದ್ರ ನೋಡಿಲ್ಲಲ್ಲ ನೀ?”

“ಇಲ್ರಿ ವೈನಿ. ಆದ್ರ ಟೈಮ್ ಭಾಳ ಇಲ್ರಿ.”

“ಇದ್ದಷ್ಟರಾಗ ನೋಡೂಣು, ಬಾ.”

ಕೊಡೆಗೆ ಬಗ್ಗದ ಮಳೆ ಅದು. ಮಂಗಳೂರಿನ ನಿಲ್ದಾಣದಲ್ಲಿ ವೈನಿ ಹೊಸ ರೇನ್‌ಕೋಟ್ ಹಿಡಿದು ನಿಂತಿದ್ದರು. ತಾವೇ ತೊಡಿಸಿ ಕೊರಳವರೆಗೆ ಗುಂಡಿ ಹಾಕಿದರು. ಆಟೊದಲ್ಲಿ ಪಣಂಬೂರಿಗೆ ಹೋದೆವು. ನೀರಿಗೆ ಇಳಿಯದಂತೆ ಹಗ್ಗ ಕಟ್ಟಿದ್ದರು. ಒಂದು ತಗಡಿನ ಕೆಳಗೆ ನಿಂತು, ಬಿಸಿ ಗೋಳಿಬಜೆ ತಿನ್ನುತ್ತ, ಬೂದಿಬಣ್ಣದ ಆ ನೀರನ್ನು ನೋಡಿದೆವು. ಗಾಳಿಗೆ ನನ್ನ ರೇನ್‌ಕೋಟಿನ ಟೊಪ್ಪಿಗೆ ಹಾರಿದಾಗ ವೈನಿ ದನಿ ಎತ್ತಿ ನಕ್ಕರು. ನಮ್ಮ ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಮನೆಯ ಸುದ್ದಿ ಕೇಳಿಯಾರೆಂದು ಅಂಜುತ್ತಲೇ ಇದ್ದೆ. ಸ್ಟೇಷನ್ನಿನಲ್ಲಿ ರೈಲು ಬಂದು ನಿಂತ ಮೇಲೆ ಕೇಳಿದರು.

“ನಿಮ್ಮಣ್ಣಗ ಮಕ್ಕಳು?”

“ಇಲ್ರಿ…”

ಆ ವಾರವಷ್ಟೇ ಅವ್ವ ಎರಡನೆಯ ಸೊಸೆಗೂ ‘ಬಂಜಿ’ ಎಂದಿದ್ದಳು. ನಾನು ತಲೆ ತಗ್ಗಿಸಿ ನಿಂತೆ. ವೈನಿ ಬಯ್ದಿದ್ದರೆ, ನಮ್ಮ ಮನೆತನಕ್ಕೆ ಶಾಪ ಹಾಕಿದ್ದರೆ, ಹಗುರಾಗುತ್ತಿತ್ತೋ ಏನೋ.

“ಆ ಹುಡುಗಿಗಿ ಯಾರೂ ಏನೂ ಅನ್ನದಂಗ ನೋಡ್ಕೊ, ತಂಗಿ. ಅಕಿ ಒಬ್ಬಾಕಿನ್ನ ದವಾಖಾನಿಗೆ ಕಳಸಬ್ಯಾಡ್ರಿ. ಅಣ್ಣನ್ನೂ ಕಳಸ್ರಿ.”

ರೈಲು ಹೊರಟಿತು. ಕಿಟಕಿಯಾಚೆ ಅವರು ಕೈ ಬೀಸುತ್ತಿದ್ದರು. ಮುಖವೆತ್ತಿ ನೋಡಲು ನನ್ನಿಂದಾಗಲಿಲ್ಲ.

ಊರಿಗೆ ಮರಳಿ, ಅಣ್ಣನ ಎದುರಿಗೇ ಅವ್ವನಿಗೆ ಎಲ್ಲ ಹೇಳಿದೆ.

“ಅಕಿ ಹಿಂಗಂದ್ಲನು?” ಎಂದ ಅವ್ವ ಅಣ್ಣನ ಕಡೆಗೆ ತಿರುಗಿದಳು.

ಅಣ್ಣ ಮೂರು ತಿಂಗಳು ಸಿಟ್ಟಿನಲ್ಲಿದ್ದ; ಆಮೇಲೆ ಹೆಂಡತಿಯ ಜೊತೆ ದವಾಖಾನೆಗೆ ಹೋದ. ಚಿಕಿತ್ಸೆ ಬೇಕಾಗಿದ್ದದ್ದು ಅವನಿಗೆ. ಅದೂ ದೊಡ್ಡದೇನಲ್ಲ. ಈಗ ಅವನ ಮಗಳು ಅಂಗಳದ ತುಂಬ ಓಡಾಡುತ್ತಾಳೆ. ಅವಳು ಹುಟ್ಟಿದ ದಿನ ವೈನಿಗೆ ತಿಳಿಸಬೇಕೆಂದು ಫೋನ್ ತೆಗೆದೆ. ಯಾವ ಬಾಯಿಂದ ಹೇಳುವುದು… ಕೆಳಗಿಟ್ಟೆ.

ಹೋದ ವರ್ಷ ಕಾಮಾಲೆಯಾಗಿ ವೈನಿ ತೀರಿಕೊಂಡರು. ನಮ್ಮ ಮನೆಯಿಂದ ಮುಧೋಳಕ್ಕೆ ಹೋದವಳು ನಾನೊಬ್ಬಳೇ. ಬಾಗಿಲಲ್ಲಿ ಕುಳಿತಿದ್ದ ಮುದುಕಿಯೊಬ್ಬರು, “ನೀವು ಅಕಿಗಿ ಏನಾಗಬೇಕ್ರಿ?” ಎಂದು ಕೇಳಿದರು. ನಾದಿನಿ ಎನ್ನಲು ಬಾಯಿ ಬರಲಿಲ್ಲ. ಪರಿಚಯದವಳು ಎಂದೆ.

ಈಗಲೂ ಬ್ಯಾಂಕಿಗೆ ಆ ಕಡೆಯವರು ಬಂದರೆ, “ಮುಧೋಳದಾಗ ನಿಮ್ಮವರು ಯಾರರೆ ಅದಾರನ್ರಿ?” ಎಂದು ಮಾತಿಗೆ ಕೇಳುತ್ತಾರೆ.

“ಇದ್ರು ರೀ,” ಎನ್ನುತ್ತೇನೆ. ಯಾರು ಎಂದು ಕೇಳುವ ಮೊದಲೇ ಕಂಪ್ಯೂಟರಿನತ್ತ ತಿರುಗುತ್ತೇನೆ.